ಮೂರನೇ ಮಹಡಿಯ ಬುಟ್ಟಿ

ಕೆಳಗೆ ಬೀದಿಯ ತಿರುವಿನಲ್ಲಿ ನೀಲಿಯದೇನೋ ಅಲುಗಿತು, ಮುಖಗವಸೇ ಇರಬೇಕು, ಹೌದು, ನನ್ನ ಮಗಳು ನಗ್ಲಾಳೇ, ಬಾತುಕೋಳಿಯ ನಡಿಗೆ, ಅಪ್ಪನಿಂದ ಬಂದದ್ದು, ಆ ಪುಣ್ಯಾತ್ಮ ಸತ್ತು ಎಷ್ಟು ಕಾಲವಾದರೂ ಮಗಳ ಕಾಲಲ್ಲಿ ಕರ್ಮೂಜ್ ಬೀದಿ ಸುತ್ತುತ್ತಲೇ ಇದ್ದಾನೆ — ಎಷ್ಟು ಸಣ್ಣಗಾಗಿದ್ದಾಳೆ, ಉಫ್ ಎಂದರೆ ಹಾರಿ ಸಮುದ್ರದಾಚೆ ಬೀಳುತ್ತಾಳೆ, ಈ ಹಾಳು ಸೋಂಕು ಬಂದಾಗಿನಿಂದ ಆಸ್ಪತ್ರೆಯಲ್ಲಿ ನರ್ಸುಗಳ ಆ ಪ್ಲಾಸ್ಟಿಕ್ ಅಂಗಿಯೊಳಗೆ ಹೊಕ್ಕರೆ ಪಾಳಿ ಮುಗಿಯುವವರೆಗೆ ಗುಟುಕು ನೀರಿಲ್ಲ, ಉಚ್ಚೆಗೂ ಹೋಗುವಂತಿಲ್ಲ, ಬಿಚ್ಚಿದರೆ ಹಾಕಿಕೊಳ್ಳಲು ಇನ್ನೊಂದಿಲ್ಲವಂತೆ, ರಂಜಾನ್ ಮುಗಿದರೂ ಇವಳ ರೋಜಾ ಮುಗಿಯಲಿಲ್ಲ, ಹೆಗಲ ಮೇಲೆ ಕೂತು ಪಾಪಪುಣ್ಯ ಬರೆಯುವ ದೇವದೂತರೇ ಬೇಸತ್ತು ಸಾಕು ತಿನ್ನೇ ಎಂದಿರಬೇಕು. ಅನ್ನ ತುಂಬಿ ಸುತ್ತಿದ ಕೋಸಿನೆಲೆ ಮಾಡಿದ್ದೇನೆ, ಒಂದು ಸೈನ್ಯಕ್ಕಾಗುವಷ್ಟು, ಸುತ್ತುವಾಗ ಗೋಡೆಯ ಜೊತೆ ಮಾತಾಡುತ್ತಿದ್ದೆ, ಗೋಡೆಗೆ ನನ್ನ ಕಥೆಗಳೆಲ್ಲ ಬಾಯಿಪಾಠವಾಗಿ ಈಗ ಅದೇ ನನಗೆ ಹೇಳಿಕೊಡುತ್ತದೆ — ನಿಧಾನ, ಬಾಲ್ಕನಿಯಿಂದ ಹಗ್ಗ ಬಿಡು, ಡಬ್ಬಿ ವಾಲದಿರಲಿ, ಚಿಕ್ಕವಳಿದ್ದಾಗ ಇವಳನ್ನು ಇದೇ ಬುಟ್ಟಿಯಲ್ಲಿ ಕೂರಿಸಿ ಮೂರನೇ ಮಹಡಿಗೆ ಎಳೆದುಕೊಂಡಿದ್ದೆ, ಒಂದೇ ಕೈಯಲ್ಲಿ, ಯಾರೂ ನಂಬುವುದಿಲ್ಲ, ನಂಬದಿದ್ದರೆ ಬಿಡಲಿ. ಈಗ ಮೆಟ್ಟಿಲು ಹತ್ತು ಎಂದರೆ ಹತ್ತುವುದಿಲ್ಲ, ಬೇಡ ಯಮ್ಮಾ, ನಿಂಗೆ ಮೊದ್ಲೇ ದಮ್ಮು, ನಾನು ಹಾಸ್ಟೆಲಲ್ಲೇ ಇರ್ತೀನಿ, ಚೆನ್ನಾಗಿದೀನಿ. ಚೆನ್ನಾಗಿದೀನಿ, ಚೆನ್ನಾಗಿದೀನಿ, ಬೇರೆ ಮಾತೇ ಕಲಿತಿಲ್ಲ ಹುಡುಗಿ.

ಎದುರು ಮನೆಯ ಉಮ್ ಷಹಾತಾ ಅವಳನ್ನು ಕಂಡು ಕಿಟಕಿ ಮುಚ್ಚಿದಳು, ಮುಚ್ಚೇ, ಮುಚ್ಚಿಕೋ, ನಿನ್ನ ಗಂಡನಿಗೆ ಇಂಜೆಕ್ಷನ್ ಬೇಕಾದಾಗ ಯಾರ ಬಾಗಿಲು ಬಡಿದಿದ್ದೆ — ಮುಖ ತೋರಿಸೇ ನಗ್ಲಾ, ಕೂಗುತ್ತೇನೆ, ಇಡೀ ಅಲೆಕ್ಸಾಂಡ್ರಿಯಾಕ್ಕೆ ಕೇಳಲಿ, ನಾನು ಹೆತ್ತ ಮುಖ ನೋಡಿ ತಿಂಗಳುಗಳಾದ್ವು. ಆಮೇಲೆ ಯಮ್ಮಾ. ಯಾಕೆ, ಗಂಡಿನ ಕಡೆಯವಳೇನೇ ನಾನು, ನಾಚ್ಕೋತೀಯ? ಮೂಗಿನ ಮೇಲೆ ಗಾಯ ಆಗಿದೆ, ಮಾಸ್ಕ್ ಒತ್ತಿ ಒತ್ತಿ, ಅಷ್ಟೇ. ಅಷ್ಟೇನಾ, ನಿಮ್ಮಪ್ಪನ ಮೂಗು ಕಣೇ ಅದು, ಅರ್ಧ ಹೋದ್ರೂ ಇನ್ನಿಬ್ಬರಿಗಾಗುತ್ತೆ. ನಕ್ಕಳು, ಕೇಳಿಸಿತು, ನಕ್ಕಳು, ನನಗೆ ಇಷ್ಟು ಸಾಕು, ಇಲ್ಲ, ಸಾಲದು — ತೋರಿಸದಿದ್ರೆ ಊಟ ಇಲ್ಲ ನೋಡು, ತಮಾಷೆಗೆ ಎಳೆದೆ, ಬುಟ್ಟಿ ಬರಲಿಲ್ಲ.

ಅಂಚು ಹಿಡಿದಿದ್ದಾಳೆ, ಎರಡೂ ಕೈಯಲ್ಲಿ, ಡಬ್ಬಿ ತೆಗೆಯುವುದೂ ಇಲ್ಲ, ಬುಟ್ಟಿ ಬಿಡುವುದೂ ಇಲ್ಲ, ತಲೆ ಬಗ್ಗಿಸಿದ್ದಾಳೆ, ನನ್ನ ಹಾಳು ಕಣ್ಣಿಗೆ ತಲೆವಸ್ತ್ರವೊಂದೇ ಕಾಣುತ್ತದೆ, ಇನ್ನೂ ನಗ್ತಿದೀಯೇನೇ? ಹೂಂ ಯಮ್ಮಾ, ನಗ್ತಿದೀನಿ — ಹಗ್ಗ ನಡುಗುತ್ತಿದೆ, ಗಾಳಿಯಿಲ್ಲ, ತಂತಿಯ ಮೇಲೆ ಬಟ್ಟೆ ಅಲುಗುತ್ತಿಲ್ಲ, ಹಗ್ಗ ಮಾತ್ರ, ನಿಲ್ಲುತ್ತದೆ, ಮತ್ತೆ, ಬಿಕ್ಕಿದ ಹಾಗೆ, ಅಂಗೈಯಿಂದ ಮೊಣಕೈಗೆ, ಎದೆಗೆ, ಏನಾದರೂ ಅನ್ನಬೇಕು, ಒಂದು ಕುಚೋದ್ಯ, ನಾಲಗೆಗೆ ಬರುತ್ತಿಲ್ಲ, ಅವಳ ತುದಿ ಅವಳು ಬಿಡುತ್ತಿಲ್ಲ, ನನ್ನದು ನಾನು, ಹಗ್ಗ ನಡುಗುತ್ತಿದೆ, ಹಗ್ಗ —