ಸಿಕಂದರನ ಗುರುವಾರ

“ಅಡಿಗಲ್ಲ ಸರಸ್ರೆವ್ವಾ, ಜನಾಜಾ ಹೊಂಡಬೇಕು,” ಎನ್ನುತ್ತ ಪ್ಯಾರಿಬಿ ಬೆಳ್ಳಿ ಬಡಿಯುವ ಆ ಕಲ್ಲನ್ನು ತಾನೇ ಗೋಡೆಗೆ ದೂಡಿದಳು. ಸತ್ತವನು ಅವಳ ಅಣ್ಣನ ಮಗ, ಬೆಳ್ಳಿ ಕೆಲಸದ ಸಿಕಂದರ. ಜ್ವರ ವಾರದೊಳಗೆ ಅವನನ್ನು ಒಯ್ದಿತ್ತು. ಆಳಂದದ ಆ ಓಣಿಯಲ್ಲಿ ತಾಯಿತದ ಚೀಟಿ ಇಡುವ ಕರಡಿಗೆ ಮಾಡುವವನು ಅವನೊಬ್ಬನೇ.

ಕಲಿಮಾ ಹೇಳುತ್ತ ಗಂಡಸರು ಹೆಗಲು ಕೊಟ್ಟರು. ಹೆಂಗಸರು ಬಾಗಿಲಲ್ಲೇ ನಿಂತರು.

“ನಮಾಜಿನ ಹೊತ್ತಿಗೆ ಸರಿಯಾಗಿ ಹೊಂಟ,” ಪಕ್ಕದ ಮನೆಯ ಶರೀಫಾಬಿ ಮೂಗು ಒರೆಸಿಕೊಂಡಳು. “ಜಲ್ಮದಾಗ ಇದೊಂದ ವಾಯಿದೆ ತಪ್ಪಿಸಲಿಲ್ಲ ನೋಡು.”

ಅಳುತ್ತಿದ್ದ ಇಬ್ಬರು ನಕ್ಕುಬಿಟ್ಟರು. ಹೆಂಡತಿ ಅಖ್ತರಬೇಗಂ ಅಳಲೂ ಇಲ್ಲ, ನಗಲೂ ಇಲ್ಲ. ಅಡಿಗಲ್ಲು ಸರಿದ ಜಾಗ ನೆಲದ ಮೇಲೆ ಚೌಕವಾಗಿ ಉಳಿದಿತ್ತು. ಅದನ್ನೇ ನೋಡುತ್ತಿದ್ದಳು.

*

“ಗುರುವಾರ ಬರ್ರಿ” ಎನ್ನುವುದು ಸಿಕಂದರನ ಮಾತು. ಗುರುವಾರ ಬಂದವರಿಗೆ ಚಹಾ ತರಿಸಿ, ಮುಂದಿನ ಗುರುವಾರ ಹೇಳುತ್ತಿದ್ದ. ಬಳ್ಳಿ ಕೆತ್ತಿ ಮುಗಿಸಿ, ಸರಿ ಬರಲಿಲ್ಲವೆಂದು ತಾನೇ ತಿಕ್ಕಿ ಅಳಿಸುತ್ತಿದ್ದ.

“ಒಳಗಿನ ಚೀಟಿ ಯಾರಿಗೂ ಕಾಣಂಗಿಲ್ಲ. ಹೊರಗಿಂದರೆ ಛಂದ ಇರ್ಲಿ.”

ಬೆಸುಗೆಯ ಹೊತ್ತಿಗೆ ಹೆಂಡತಿಯನ್ನು ಕರೆಯುತ್ತಿದ್ದ. ಅವಳು ಕರಡಿಗೆಯನ್ನು ಚಿಮಟಿಗೆಯಲ್ಲಿ ಹಿಡಿಯಬೇಕು. ಊದುಗೊಳವೆಯಿಂದ ದೀಪದ ಉರಿಯನ್ನು ಬೆಳ್ಳಿಯ ಮೇಲೆ ಬಾಗಿಸುವವನು ಅವನು.

“ಊದೂದು ನನಗ ಬಿಡು. ಒಂದೀಟು ಹೆಚ್ಚಾದ್ರ ಬೆಳ್ಳಿ ನೀರಾಗ್ತದ.”

ಒಮ್ಮೆ ಹಟ ಹಿಡಿದು ಅವಳೇ ಊದಿದ್ದಳು. ಕರಡಿಗೆ ಕರಗಿ ಗುಂಡಾಯಿತು. ಅವನು ಬಯ್ಯಲಿಲ್ಲ. ಗಿರಾಕಿಗೆ ಇನ್ನೊಂದು ಗುರುವಾರ ಹೇಳಿದ.

*

ಗಂಡಸರು ಖಬರಸ್ತಾನದಿಂದ ಮರಳುವ ಮೊದಲೇ, ಸಿಕಂದರ ಹೇಳಿದ್ದ ಗುರುವಾರವೆಂದು ಮಟಕಿ ಊರಿನ ತುಳಜಾಬಾಯಿ ಬಂದಳು. ಸೊಂಟದ ಮೇಲೆ, ರಾತ್ರಿಯೆಲ್ಲ ಬೆಚ್ಚಿ ಚೀರುವ ಕೂಸು. ಸೆರಗಿನ ಗಂಟಿನಲ್ಲಿ ದರ್ಗಾದಲ್ಲಿ ಬರೆಸಿದ ಚೀಟಿ. ಅಂಗಳದ ಹೆಂಗಸರನ್ನು ಕಂಡು ಅವಳಿಗೆ ತಿಳಿಯಿತು.

“ಯವ್ವಾ, ನನಗ ಗೊತ್ತಿದ್ದಿಲ್ರಿ. ಇವತ್ತ ಕಟ್ಟಬೇಕಂತ ಹೇಳಿದ್ರು… ಇರ್ಲಿ, ಹೋಗ್ತೇನ್ರಿ.”

“ನಿಂದರ್ರಿ,” ಎಂದಳು ಅಖ್ತರಬೇಗಂ.

ತುಳಜಾಬಾಯಿಯ ಕರಡಿಗೆಗೆ ಬಳ್ಳಿ ಬಂದಿತ್ತು, ಮುಚ್ಚಳ ಬಂದಿತ್ತು. ದಾರ ಪೋಣಿಸುವ ಎರಡು ಕೊಂಡಿ ಬೆಸೆಯುವುದಷ್ಟೇ ಉಳಿದಿತ್ತು. ಅವಳು ದೀಪಕ್ಕೆ ಎಣ್ಣೆ ಹಾಕಿದಳು.

“ಹುಚ್ಚಿ,” ಪ್ಯಾರಿಬಿ ಅವಳ ಮುಂಗೈ ಹಿಡಿದಳು. “ಅವನ ಕೈದು ಕಡೀ ಕೆಲಸ ಅದು. ಪೆಟಿಗ್ಯಾಗ ಇಟ್ಕೋ. ನಾಳೆ ನಿನಗ ನೋಡಾಕರೆ ಏನದ? ಮಯ್ಯತ್ತಿನ ಮನ್ಯಾಗ ಬೆಂಕಿ ಹಚ್ತಾರೇನು?”

“ಒಲಿ ಹಚ್ಚಂಗಿಲ್ಲ ಫೂಫಿ. ದೀಪ ಅಷ್ಟ.”

“ಕರಗಿದ್ರ?”

ಅಖ್ತರಬೇಗಂ ಚಿಮಟಿಗೆಯನ್ನು ಶರೀಫಾಬಿಯ ಕೈಗಿಟ್ಟಳು. “ಅಲ್ಲಾಡಿಸಬ್ಯಾಡ್ರಿ ಆಪಾ.”

“ನಾ ಅಲ್ಲಾಡಂಗಿಲ್ಲ. ಅಳಾಕ ಆಮ್ಯಾಗ ಟೈಮ್ ಅದ.”

ಊದುಗೊಳವೆಯ ತುದಿಯ ಹಿತ್ತಾಳೆಯಲ್ಲಿ ತಗ್ಗು ಬಿದ್ದಿತ್ತು, ಸಿಕಂದರ ಹಲ್ಲಲ್ಲಿ ಕಚ್ಚಿ ಹಿಡಿಯುತ್ತಿದ್ದ ಕಡೆ. ಅವಳ ಹಲ್ಲು ಅದೇ ತಗ್ಗಿನಲ್ಲಿ ಕೂತಿತು. ಊದಿದಳು. ಉರಿ ಬಾಗಿತು. ಬೆಳ್ಳಿ ಮೊದಲು ಕಪ್ಪಾಯಿತು, ಆಮೇಲೆ ಕೆಂಪಾಯಿತು. ಕೊಂಡಿಯ ಬುಡದಲ್ಲಿ ಬೆಸುಗೆ ಕರಗಿ ಥಳಕ್ಕನೆ ಹರಿಯಿತು. ಅವಳು ಊದುವುದನ್ನು ನಿಲ್ಲಿಸಿದಳು.

ಬಳ್ಳಿ ಹಾಗೆಯೇ ಇತ್ತು.

ಎರಡನೆಯ ಕೊಂಡಿಯೂ ಕೂತಿತು. ನೀರಿಗೆ ಹಾಕಿ, ಒರೆಸಿ, ಚೀಟಿ ಇಟ್ಟು ಮುಚ್ಚಳಕ್ಕೆ ಮೇಣ ಮೆತ್ತಿದಳು. ತುಳಜಾಬಾಯಿ ಕರಿದಾರ ಪೋಣಿಸಿ ಕೂಸಿನ ಕೊರಳಿಗೆ ಕಟ್ಟಿದಳು. ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊರಟಳು.

ಓಣಿಯ ತಿರುವಿನಲ್ಲಿ, ಕೈಯ ಮಣ್ಣು ಕೊಡವಿಕೊಳ್ಳುತ್ತ ಬರುತ್ತಿದ್ದ ಗಂಡಸರು ಅವಳಿಗೆ ದಾರಿ ಬಿಟ್ಟರು. ಅಖ್ತರಬೇಗಂ ಊದುಗೊಳವೆ ಹಿಡಿದೇ ಹೊಸ್ತಿಲಲ್ಲಿ ನಿಂತಿದ್ದಳು. ತಾಯಿಯ ಹೆಗಲ ಮೇಲಿಂದ ಇತ್ತ ನೋಡುತ್ತಿದ್ದ ಕೂಸು ಕರಡಿಗೆಯನ್ನು ಬಾಯಿಗಿಟ್ಟುಕೊಂಡು, ಆಗಷ್ಟೇ ಮೂಡಿದ ಹಲ್ಲಿನಿಂದ ಕಚ್ಚುತ್ತಿತ್ತು.