ಹದಿನೆಂಟನೇ ತಿಂಗಳ ಸೀಸೆ

"ಎಡಗೈ ಮೊದ್ಲು ತೂರ್ಸಮ್ಮ. ಆಮೇಲೆ ಬೆನ್ನ ಕೆಳಗಿಂದ ಎಳ್ಕೊಂಡ್ರಾಯ್ತು," ಎಂದರು ಗಂಡನ ಅಣ್ಣ.

ಅವಳು ತೂರಿಸಿದಳು. ತೋಳು ಬಗ್ಗಲಿಲ್ಲ. ಇಬ್ಬರೂ ಸೇರಿ ಹೇಗೋ ಅಂಗಿ ತೊಡಿಸಿದ ಮೇಲೆ ಅವಳು ಕೆಳಗಿನಿಂದ ಒಂದೊಂದೇ ಗುಂಡಿ ಹಾಕುತ್ತ ಬಂದಳು. ಕತ್ತಿನ ಹತ್ತಿರ ಒಂದು ಗುಂಡಿ ಹೆಚ್ಚಿಗೆ ಉಳಿಯಿತು. ಎಲ್ಲವನ್ನೂ ಬಿಚ್ಚಿ ಮತ್ತೆ ಹಾಕತೊಡಗಿದಳು.

"ಯಾರು ನೋಡ್ತಾರೆ, ಬಿಡಮ್ಮ."

"ಇವ್ರು ನೋಡ್ತಿದ್ರು."

ನಿನ್ನೆ ಸಂಜೆಯಿಂದ ಅವಳಿಗೆ ಅಳುವೇ ಬಂದಿರಲಿಲ್ಲ. ಲ್ಯಾಬಿನಿಂದ ಮನೆಗೆ ಬರುವ ಬಸ್ಸಿನಲ್ಲಿ ಗಂಡ ಕೂತಲ್ಲೇ ಹೋಗಿಬಿಟ್ಟಿದ್ದರು. ಕೊನೆಯ ನಿಲ್ದಾಣದಲ್ಲಿ ಕಂಡಕ್ಟರು ಭುಜ ತಟ್ಟಿದಾಗಲೇ ಗೊತ್ತಾದದ್ದು. ಸುದ್ದಿ ಕೇಳಿದೊಡನೆ ಅವಳು ಹೋಗಿ ಒಲೆ ಆರಿಸಿದ್ದಳು. ಆಮೇಲೆ ಏನು ಮಾಡಬೇಕೆಂದು ತೋಚದೆ ಅಲ್ಲೇ ನಿಂತಿದ್ದಳು.

ಹತ್ತು ಗಂಟೆಗೆ ಲ್ಯಾಬಿನವರು ಬಂದರು. ಐದಾರು ಜನ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಗೋಡೆಗೆ ಆತು ನಿಂತರು. ಕೊಲೆಸ್ಟ್ರಾಲ್ ಇಳಿಸುವ ಇಂಜೆಕ್ಷನ್ ಮಾಡುವ ಲ್ಯಾಬು ಅದು. ಔಷಧ ಕಂಡುಹಿಡಿದವರು ಬೇರೆ. ಇವರ ಪಾಲಿಗೆ ಬಂದದ್ದು ಅದನ್ನು ನೀರಿನಲ್ಲಿ ಕರಗಿಸುವುದು, ಕರಗಿದ್ದು ಎರಡು ವರ್ಷ ತಿಳಿಯಾಗಿಯೇ ಉಳಿಯುವಂತೆ ನೋಡಿಕೊಳ್ಳುವುದು. ಒಂದೇ ಚುಚ್ಚಿಗೆ ಸಾಕಾಗುವಷ್ಟು ಔಷಧ ಹಿಡಿಸಹೋದರೆ ದ್ರವ ಪಾಕದ ಹಾಗೆ ಮಂದವಾಗುತ್ತಿತ್ತು. ಉಪ್ಪು ಬೆರೆಸಿ ತೆಳುವಾಗಿಸಿದರೆ ಕೆಲವು ತಿಂಗಳಲ್ಲಿ ಕಣಕ್ಕೆ ಕಣ ಅಂಟಿಕೊಂಡು ಮಸುಕು ಕಟ್ಟುತ್ತಿತ್ತು. ಇಪ್ಪತ್ತಾರು ವರ್ಷ ಅವಳ ಗಂಡ ಕಪ್ಪು ಹಲಗೆಯ ಮುಂದೆ ಸೀಸೆಗಳನ್ನು ಹಿಡಿದು ಆ ಮಸುಕನ್ನು ಹುಡುಕಿದ್ದರು. ಲ್ಯಾಬಿನಲ್ಲಿ ಅವರಿಗೆ ಭೂತಗನ್ನಡಿ ಎಂದೇ ಹೆಸರು.

"ಕ್ಯಾಂಟೀನಲ್ಲಿ ನೀರಿನ ಲೋಟಾನೂ ಬೆಳಕಿಗೆ ಹಿಡಿದು ನೋಡಿಯೇ ಕುಡಿಯೋರು," ಎಂದಳು ಲ್ಯಾಬಿನ ಹುಡುಗಿಯೊಬ್ಬಳು.

"ಹೆಣ್ಣು ನೋಡೋಕೆ ಬಂದಾಗ ನನ್ನೂ ಹಾಗೇ ನೋಡಿದ್ರು," ಎಂದಳು ಇವಳು. ನಗಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ.

ನಿವೃತ್ತರಾಗಿದ್ದ ಹಳೆಯ ಮುಖ್ಯಸ್ಥರು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು.

"ಹನ್ನೊಂದು ವರ್ಷದ ಹಿಂದೆ ನಾನು ಇವರ ಮೇಲೆ ಕೂಗಾಡಿದ್ದೆ. ನಿಮಗೆ ಹೇಳಿದ್ರಾ?"

"ಇಲ್ಲ. ನಾನು ಕೇಳ್ಲಿಲ್ಲ."

"ಹದಿನೆಂಟನೇ ತಿಂಗಳ ಸೀಸೆ, ಎರಡು ವರ್ಷ ತಿಳಿಯಾಗಿರುತ್ತಾ ಅಂತ ಪರೀಕ್ಷೆಗೆ ಇಟ್ಟಿದ್ದು. ಮಷಿನ್ ಪಾಸ್ ಮಾಡಿತ್ತು. ಇವರೊಬ್ಬರೇ ಮಸುಕಿದೆ ಅಂತ ಹಟ ಹಿಡಿದ್ರು. ಈಗ ಸಹಿ ಹಾಕಿ, ಮುಂದಿನ ಬ್ಯಾಚಿಗೆ ಸರಿಮಾಡೋಣ ಅಂದೆ. ಅರ್ಧ ದಿನ ಕೊಡಿ ಅಂದ್ರು. ಮಧ್ಯಾಹ್ನವೆಲ್ಲ ಆ ಸೀಸೆಗಳ ಜೊತೆ ಒಬ್ಬರೇ ಕೂತಿದ್ರು. ಆಮೇಲೆ ಬಂದು, 'ನನ್ನ ಬಾಮೈದ ಇದಕ್ಕೇ ಕಾಯ್ತಾ ಇದ್ದಾನೆ ಸಾರ್. ಅವನಿಗೆ ನಾನಿದನ್ನ ಚುಚ್ಚೋದಿಲ್ಲ, ಸಹಿನೂ ಹಾಕೋದಿಲ್ಲ' ಅಂದ್ರು." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಇಪ್ಪತ್ನಾಲ್ಕನೇ ತಿಂಗಳಿಗೆ ಅದೇ ಸೀಸೆ ಹಾಲಿನ ಹಾಗೆ ಬೆಳ್ಳಗಾಗಿತ್ತು. ಎಲ್ಲ ಮೊದಲಿಂದ ಶುರು ಮಾಡಿದ್ವಿ. ವರ್ಷಗಳೇ ಹಿಡೀತು."

ಅವಳು ಎದ್ದು ನಿಂತಳು.

"ಟೀ ಕುಡೀತೀರಾ?" ಎಂದಳು.

*

ಅವಳ ತಮ್ಮನಿಗೆ ಆ ಕಾಯಿಲೆ ಅಪ್ಪನಿಂದ ಬಂದದ್ದು. ಮೂವತ್ತಕ್ಕೇ ರೆಪ್ಪೆಗಳ ಮೇಲೆ ಹಳದಿ ಗಂಟು. ಯಾವ ಮಾತ್ರೆಗೂ ಕೊಲೆಸ್ಟ್ರಾಲ್ ಜಗ್ಗುತ್ತಿರಲಿಲ್ಲ. "ಭಾವ, ಬೇಗ ಕರಗಿಸಿ. ಮೈಯಲ್ಲಿರೋದು ರಕ್ತಾನೋ ಬೆಣ್ಣೇನೋ ಗೊತ್ತಾಗ್ತಿಲ್ಲ," ಎಂದು ನಗುತ್ತಿದ್ದ.

ಸಹಿ ಹಾಕದೆ ಬಂದ ಆ ಸಂಜೆ ಗಂಡ ಬಾಗಿಲಲ್ಲಿ ಶೂ ಬಿಚ್ಚುತ್ತ, "ಮಷಿನ್ ಪಾಸ್ ಮಾಡಿದ್ರಲ್ಲೂ ಮಸುಕಿದೆ. ಇನ್ನೂ ಕೆಲವು ವರ್ಷ ತಡ ಆಗುತ್ತೆ ಕಣೆ," ಎಂದರು. ಲೇಸಿನ ಗಂಟು ಬಿಚ್ಚಿಕೊಳ್ಳುತ್ತಲೇ ಇರಲಿಲ್ಲ.

"ಮಷಿನ್ನಿಗೇ ಕಾಣದಷ್ಟು ಇದ್ರೆ ಏನಾಗುತ್ತೆ ರೀ?"

"ನಂಗೆ ಕಾಣಿಸ್ತಲ್ಲ."

ಹದಿನಾಲ್ಕು ತಿಂಗಳ ಮೇಲೆ ತಮ್ಮ ಅಂಗಡಿಯ ಶಟರ್ ಎಳೆಯುವಾಗ ಕುಸಿದುಬಿದ್ದ. ನಲವತ್ತೊಂದು ವರ್ಷ. ಅಂದಿನಿಂದ ಅವಳು ಗಂಡನ ಕೆಲಸದ ಬಗ್ಗೆ ಕೇಳುವುದನ್ನು ಬಿಟ್ಟಳು. ಮಾತು ಬಿಟ್ಟಿರಲಿಲ್ಲ, ಹಾಲು, ನೆಂಟರು, ಸೋರುವ ನಲ್ಲಿ, ಎಲ್ಲದರ ಮಾತೂ ನಡೆಯುತ್ತಿತ್ತು. ಅದೊಂದು ಬಿಟ್ಟು. ಅವರೂ ತಾವಾಗಿ ಬಾಯಿ ಬಿಡಲಿಲ್ಲ. ಕೊನೆಗೂ ಇಂಜೆಕ್ಷನ್ ಅಂಗಡಿಗೆ ಬಂದದ್ದನ್ನು ಅವಳು ಪತ್ರಿಕೆಯಲ್ಲಿ ಓದಿ, ಪತ್ರಿಕೆ ಮಡಚಿಟ್ಟಿದ್ದಳು.

*

ತಮ್ಮನ ಮಗಳು ಬಂದಾಗ ಹನ್ನೆರಡಾಗಿತ್ತು. ಇಪ್ಪತ್ತೆರಡರ ಹುಡುಗಿ. ಮಾವನ ಕಾಲ ಬಳಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಅತ್ತೆಯ ಕೈ ಹಿಡಿದು ಒಳಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು.

"ಅತ್ತೆ, ಇವತ್ತು ಶನಿವಾರ."

"ಹೂಂ."

"ನನ್ನ ಇಂಜೆಕ್ಷನ್ ದಿನ, ಮಾವನ ಲ್ಯಾಬಿಂದು. ಅಪ್ಪನ ಕಾಯಿಲೆ ನಂಗೂ ಇದೆ. ಇವತ್ತು ಇದನ್ನ ಕೇಳಬಾರದು, ಗೊತ್ತು. ಆದ್ರೆ ನಂಗೆ ಸೂಜಿ ಕಂಡ್ರೆ ಕೈಕಾಲೇ ಆಡಲ್ಲ. ಮಾವನೇ ಬಂದು ಹಾಕ್ತಿದ್ರು."

ಒಂದು ಶನಿವಾರ ಬಿಟ್ಟು ಒಂದು ಶನಿವಾರ ಅವರು ಅಂಗಿ ಬದಲಿಸಿ ಹೊರಗೆ ಹೋಗುತ್ತಿದ್ದರು. ಗೆಳೆಯರ ಮನೆಗಿರಬೇಕು ಎಂದುಕೊಂಡಿದ್ದಳು. ಅದನ್ನೂ ಕೇಳಿರಲಿಲ್ಲ.

"ಎಷ್ಟು ದಿನದಿಂದ?"

"ಆರು ವರ್ಷ. ಅತ್ತೆಗೆ ನಿಮ್ಮಪ್ಪನ ನೆನಪಾಗುತ್ತೆ, ಹೇಳ್ಬೇಡ ಅಂದಿದ್ರು."

ಅವಳು ಹೋಗಿ ಸೋಪು ಹಾಕಿ ಕೈ ತೊಳೆದಳು. ಮತ್ತೊಮ್ಮೆ ತೊಳೆದಳು. ಬಂದು ಮಂಚದ ಅಂಚಿಗೆ ಕೂತಳು.

"ಹೇಗೆ ಅಂತ ಹೇಳು."

"ತೊಡೇಲಿ ಚರ್ಮ ಹಿಡ್ಕೊಂಡು ಚುಚ್ಚಿ. ನಿಧಾನಕ್ಕೆ ಒತ್ತಬೇಕು. ಅಷ್ಟೆ."

ಹುಡುಗಿ ಚೀಲದಿಂದ ಇಂಜೆಕ್ಷನ್ ತೆಗೆದುಕೊಟ್ಟು ಗೋಡೆಗೆ ಮುಖ ತಿರುಗಿಸಿದಳು. ಅವಳು ಚುಚ್ಚಿ, ಕೊನೆಯ ಹನಿಯವರೆಗೂ ಒತ್ತಿ, ಸೂಜಿ ಹೊರತೆಗೆದು, ಹತ್ತಿಯಿಟ್ಟು ಹೆಬ್ಬೆರಳಿನಿಂದ ಅದುಮಿದಳು. ತೊಡೆ ಬೆಚ್ಚಗಿತ್ತು.

ಹೊರಗೆ ಗಾಡಿಯ ಹಿಂಬಾಗಿಲು ತೆರೆದ ಸದ್ದಾಯಿತು. "ಎಲ್ಲಿದ್ದೀಯಮ್ಮ? ಹೊರಡೋ ಹೊತ್ತಾಯ್ತು," ಎಂದು ಗಂಡನ ಅಣ್ಣ ಕರೆದರು. ಹಜಾರದಲ್ಲಿ ಕುರ್ಚಿಗಳು ಸರಿದವು.

"ಅತ್ತೆ, ಸಾಕು. ರಕ್ತ ನಿಂತಿದೆ."

ಅವಳು ಬೆರಳು ತೆಗೆಯಲಿಲ್ಲ. ಹತ್ತಿಯ ಸುತ್ತ ಹುಡುಗಿಯ ಚರ್ಮ ಬಿಳಿಚಿಕೊಳ್ಳುವಷ್ಟು ಅದುಮಿ ಹಿಡಿದಿದ್ದಳು, ಕೆಳಗೆಲ್ಲೋ ನಾಡಿ ಮಿಡಿಯುತ್ತಿತ್ತು.