ಬಲಗಡೆಯ ಹಳದಿ ದೀಪ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರ ಪೈಕಿ ಮಾದಿಹಳ್ಳಿಯ ಚನ್ನಪ್ಪ. ಆ ಗುಣವನ್ನು ಮಗಳು ದಿವ್ಯಾಳೂ ಚೂರೂ ಚೆಲ್ಲದ ಹಾಗೆ ಎತ್ತಿಕೊಂಡಿದ್ದಳು. ಇನ್ನು ಕೇಳಬೇಕೆ! ಮೊನ್ನೆ ಸಂಜೆಯಿಂದ ಆ ಮನೆಯಲ್ಲಿ ಒಲೆ ಆರಿದರೂ ಜಗಳ ಆರಿರಲಿಲ್ಲ.

ನಡೆದದ್ದು ಇಷ್ಟು. ದಿವ್ಯಾ ಹಳೇಬೀಡಿನ ಒಂದು ಶಾಲೆಯಲ್ಲಿ ಟೀಚರು. ಸ್ಪೆಷಲ್ ಕ್ಲಾಸು ಮುಗಿಸಿ ಹೊರಡುವಷ್ಟರಲ್ಲಿ ಕತ್ತಲಾಗುತ್ತದೆ. ಪೇಟೆಯಲ್ಲಿ ಎಳನೀರು ಇಳಿಸಿದ ಅಪ್ಪ ತನ್ನ ಹಳೇ ಪಿಕಪ್ ಗಾಡಿಯಲ್ಲಿ ಮುಂದೆ, ಅವಳು ಸ್ಕೂಟರಿನಲ್ಲಿ ಹಿಂದೆ. ಈ ಕಡೆಯ ಗಾಡಿಯವರಲ್ಲಿ ಒಂದು ರೂಢಿ ಇದೆ. ಮುಂದಿನವನು ಬಲಗಡೆ ಇಂಡಿಕೇಟರ್ ಮಿನುಗಿಸಿದರೆ, ರಸ್ತೆ ಖಾಲಿ ಇದೆ, ನನ್ನನ್ನು ದಾಟಿಕೊಂಡು ಹೋಗು ಅಂತ ಅರ್ಥ. ಅದನ್ನು ಅವಳಿಗೆ ಕಲಿಸಿದವನೂ ಅಪ್ಪನೇ. ದಸರಾ ರಜೆ ಮುಗಿದು ಶಾಲೆ ಶುರುವಾದ ಮೊದಲ ಸಂಜೆ, ಕೆರೆ ಏರಿಯ ತಿರುವಿನಲ್ಲಿ ಆ ಹಳದಿ ದೀಪ ಮಿಣಮಿಣ ಅಂದಿತು. ಅವಳು ಬಲಕ್ಕೆ ಎಳೆದು ಮುಂದೆ ನುಗ್ಗಿದಳು. ಎದುರಿಗೆ ಬಸ್ಸು!

ಸ್ಕೂಟರಿನ ಕನ್ನಡಿ ಕಿತ್ತುಕೊಂಡು ಬಸ್ಸು ಹೋಯಿತು. ಅವಳು ಏರಿಯ ಮಣ್ಣಿನಲ್ಲಿ ಬಿದ್ದಿದ್ದಳು. ಮಂಡಿ ತರಚಿತ್ತು, ಜೀವ ಉಳಿದಿತ್ತು.

“ನಾನು ಇಂಡಿಕೇಟರ್ ಮುಟ್ಟೇ ಇಲ್ಲ ಕಣವ್ವ,” ಅಂದ ಚನ್ನಪ್ಪ. “ಬಸ್ ಬತ್ತಾ ಐತೆ ಅಂತ ಬ್ರೇಕ್ ಒತ್ತಿದೆ, ಅಷ್ಟೇಯ. ನೀನು ಎತ್ಲಾಗೋ ನೋಡ್ಕಂಡು ನುಗ್ಗಿಬಿಟ್ಟು ಈಗ ನನ್ ತಲೆಗೆ ಕಟ್ತೀಯ?”

“ನಾನು ಕಣ್ಣಾರೆ ನೋಡಿದೀನಿ ಅಪ್ಪ!”

“ಕಣ್ಣಾರೆ ಕಂಡ್ರೂ ಪರಾಂಬರಿಸಿ ನೋಡು ಅಂತಾರೆ. ಸ್ಕೂಟ್ರೂ ಬ್ಯಾಡ, ಕೆಲ್ಸಾನೂ ಬ್ಯಾಡ. ಮನೇಲಿರು.”

ಮೂರನೇ ದಿನ ಮಟಮಟ ಮಧ್ಯಾಹ್ನ ಮೆಕ್ಯಾನಿಕ್ ಬಸವಕುಮಾರ್ ಗಾಡಿ ನೋಡಿ, ದೀಪಗಳೆಲ್ಲ ಸರಿಯಾಗಿವೆ ಅಂದುಬಿಟ್ಟ. ಚನ್ನಪ್ಪನಿಗೆ ಅಷ್ಟೇ ಸಾಕಾಯಿತು. ಹಳೇ ಗಾಡಿ ಕೊಳ್ಳುವ ಕಣಕಟ್ಟೆಯ ಜಯದೇವಪ್ಪನಿಗೆ ಫೋನು ಹೋಯಿತು. ಬೆಳಗಾದರೆ ಅವನು ಬಂದು ಸ್ಕೂಟರ್ ಒಯ್ಯುತ್ತಾನೆ.

ಆ ಸಂಜೆ ದಿವ್ಯಾ ಜಗಲಿಯ ಮೇಲೆ ಕುದಿಯುತ್ತ ಕೂತಿದ್ದಳು. ಸ್ಕೂಟರ್ ಹೋಗುತ್ತದೆ, ಶಾಲೆ ಹೋಗುತ್ತದೆ, ಆ ಸಂಕಟ ಒಂದು ಕಡೆ. ಅಪ್ಪ ತನ್ನನ್ನು ಸುಳ್ಳಿ ಅಂದನಲ್ಲ, ಅದು ಅದಕ್ಕಿಂತ ಹೆಚ್ಚು ಸುಡುತ್ತಿತ್ತು.

“ಬದುಕಿ ಬಂದ್ಯಲ್ಲ, ಸಾಕು ಬಿಡೇ,” ಅಂದಳು ತಾಯಿ ಅನುಸೂಯಮ್ಮ. “ಗೆದ್ದು ಏನ್ ಆಗ್ಬೇಕು?”

“ಪರಾಂಬರಿಸಿ ನೋಡು ಅಂತ ಅವ್ರೇ ಹೇಳವ್ರಲ್ಲ, ನೋಡೋಣ,” ಅಂತ ದಿವ್ಯಾ ಎದ್ದಳು. “ಅಪ್ಪ, ಗಾಡಿ ಹತ್ತು. ನಾನು ಹಿಂದೆ ನಿಲ್ತೀನಿ.”

ಚನ್ನಪ್ಪ ಗೊಣಗುತ್ತಲೇ ಹತ್ತಿದ. ಇನ್ನೂ ಬಿಸಿಲು ಪೂರ್ತಿ ಇಳಿದಿರಲಿಲ್ಲ. ಬ್ರೇಕು ಒತ್ತಿದ. ಕೆಂಪು ದೀಪ ಹತ್ತಿತು, ಹಳದಿಯದು ಸುಮ್ಮನಿತ್ತು. ಮತ್ತೊಮ್ಮೆ ಒತ್ತಿದ. ಊಹ್ಞೂ.

“ಕಂಡ್ಯಾ?” ಅಂದ ಒಳಗಿನಿಂದ.

ದಿವ್ಯಾ ಹಳದಿ ಗಾಜನ್ನೇ ದಿಟ್ಟಿಸಿದಳು. ಹಾಗಾದರೆ ತಾನು ನೋಡಿದ್ದೇನು? ತನಗೇ ಭ್ರಮೆಯೆ? ಅವಳು ಅಲ್ಲಿಂದ ಕದಲಲಿಲ್ಲ. “ಅವತ್ತು ಕತ್ತಲಾಗಿತ್ತು. ಕತ್ತಲಾಗ್ಲಿ, ಇಳೀಬೇಡ,” ಅಂದಳು. ಅಪ್ಪ ಬೈದುಕೊಂಡ, ಆದರೆ ಇಳಿಯಲಿಲ್ಲ. ತೆಂಗಿನ ತೋಟದ ಮೇಲೆ ಕತ್ತಲು ಕವಿಯುವ ತನಕ ಇಬ್ಬರೂ ಇದ್ದಲ್ಲೇ ಇದ್ದರು.

“ಅವ್ವಾ, ಅಂಗಳದ ಲೈಟ್ ಆರ್ಸು. ಅಪ್ಪ, ಹೆಡ್‌ಲೈಟ್ ಹಾಕ್ಕೊಂಡು ಒತ್ತು.”

ಎಡಗಡೆ ಕೆಂಪು ದೀಪ ಜಗ್ಗನೆ ಉರಿಯಿತು. ಬಲಗಡೆಯದು ಉರಿಯುವ ಬದಲು ಮಂಕಾಯಿತು. ಅದರ ಮಗ್ಗುಲಲ್ಲೇ ಹಳದಿ ಗಾಜು ಹಗಲಿನಲ್ಲಿ ಕಾಣದಷ್ಟು ಮೆಲ್ಲಗೆ ಬೆಳಗಿತು. ಆದರೆ ಮಿನುಗಲಿಲ್ಲ, ಹಾಗೇ ನಿಂತಿತು. ಥತ್, ಯಾಕೆ? ಅವಳಿಗೆ ಹೊಳೆಯಿತು. ಈ ಗಾಡಿಯ ಬ್ರೇಕು ಒಂದು ತುಳಿತಕ್ಕೆ ಹಿಡಿಯುವುದಿಲ್ಲ. ಅಪ್ಪ ಯಾವತ್ತೂ ತುಳಿದು ಬಿಟ್ಟು, ತುಳಿದು ಬಿಟ್ಟು ನಿಲ್ಲಿಸುತ್ತಾನೆ.

“ರೋಡಲ್ಲಿ ಒತ್ತೋ ಹಂಗೆ ಒತ್ತಪ್ಪ!”

ತುಳಿದ, ಬಿಟ್ಟ, ತುಳಿದ. ಹಳದಿ ದೀಪ ಹತ್ತಿತು, ಆರಿತು, ಹತ್ತಿತು. ಅದೇ ಮಿಣಮಿಣ!

“ಅವ್ವಾ, ನೀನು ಹತ್ತು. ಅಪ್ಪ, ಇಲ್ಲಿ ಬಂದು ನಿಂತ್ಕೊ.”

ಹುಟ್ಟಿದಾಗಿನಿಂದ ಡ್ರೈವರ್ ಸೀಟು ಹತ್ತದ ಅನುಸೂಯಮ್ಮ ಸೆರಗು ಸಿಕ್ಕಿಸಿಕೊಂಡು ಹತ್ತಿ, ಒನಕೆಯಲ್ಲಿ ಕುಟ್ಟಿದ ಹಾಗೆ ಬ್ರೇಕು ಕುಟ್ಟಿದಳು. ಚನ್ನಪ್ಪ ನೋಡಿದ. ಹೆಂಡತಿ ಮತ್ತೆ ತುಳಿದಳು, ಮತ್ತೆ ನೋಡಿದ.

ಆಮೇಲೆ ಟಾರ್ಚು ಹಿಡಿದು ಗಾಡಿಯ ಕೆಳಗೆ ತೂರಿದ. ದೀಪದಿಂದ ಬಂದ ಕಪ್ಪು ವೈರು ಕಬ್ಬಿಣದ ಮೈಗೆ ಬಿಗಿದ ಒಂದು ಬೋಲ್ಟಿಗೆ ಬಂದು ಸೇರಿತ್ತು. ಆಯುಧ ಪೂಜೆಗೆ ಗಾಡಿ ಮದುವೆ ಹೆಣ್ಣಿನ ಹಾಗೆ ಕಾಣಬೇಕು ಅಂತ ಚನ್ನಪ್ಪ ತಾನೇ ದೀಪ ಬಿಚ್ಚಿ, ಹಸಿರು ಬಣ್ಣ ದಪ್ಪಗೆ ಬಳಿದು, ಆ ಬಣ್ಣದ ಮೇಲೇ ವೈರಿಟ್ಟು ಬೋಲ್ಟು ಬಿಗಿದಿದ್ದ. ಬೋಲ್ಟಿನ ಸುತ್ತ ಕುಂಕುಮ ಕೂಡ ಇನ್ನೂ ಇತ್ತು.

“ಕರೆಂಟ್ ವಾಪಸ್ ಹೋಗೋ ದಾರೀನೇ ಇದು,” ಅಂದ, ತನಗೆ ತಾನೇ ಹೇಳಿಕೊಳ್ಳುವ ಹಾಗೆ. “ಬಣ್ಣ ಬಳಿದು ಬಾಗಿಲು ಮುಚ್ಚಿದೀನಿ. ಅದು ಪಕ್ಕದ ದೀಪದೊಳಕ್ಕೆ ನುಗ್ಗಿ ದಾರಿ ಮಾಡ್ಕಂಡೈತೆ.”

ಬೋಲ್ಟು ಬಿಚ್ಚಿ, ಚಾಕುವಿನಿಂದ ಬಣ್ಣವನ್ನು ಕಬ್ಬಿಣ ಹೊಳೆಯುವ ತನಕ ಕೆರೆದು, ಮತ್ತೆ ಬಿಗಿದ. ಅನುಸೂಯಮ್ಮ ತುಳಿದಳು. ಎರಡೂ ಕಡೆ ಕೆಂಪು ಜಗಮಗ ಅಂದಿತು, ಹಳದಿ ಹತ್ತಲಿಲ್ಲ.

ದಿವ್ಯಾ ಕಾಯುತ್ತಿದ್ದಳು. ಎರಡು ದಿನದಿಂದ ನಾಲಗೆ ತುದಿಯಲ್ಲಿಟ್ಟುಕೊಂಡಿದ್ದ ಮಾತುಗಳು ಬೇಕಾದಷ್ಟಿದ್ದವು. ಚನ್ನಪ್ಪ ಚಕ್ರಕ್ಕೆ ಒರಗಿ ನೆಲದ ಮೇಲೆ ಕುಸಿದು ಕೂತ.

“ಬಸ್ಸಿನ ಅಡೀಕೆ ಬಾ ಅಂತ ನಾನೇ ನಿನ್ನ ಕರ್ದಂಗಾಯ್ತಲ್ಲವ್ವ,” ಅಂದವನೇ ಅತ್ತುಬಿಟ್ಟ.

ದಿವ್ಯಾ ಹೋಗಿ ಅವನ ಪಕ್ಕದಲ್ಲೇ ಮಣ್ಣಿನ ಮೇಲೆ ಕೂತಳು.

ಬೆಳಿಗ್ಗೆ ಬಂದ ಜಯದೇವಪ್ಪ ಕಾಫಿ ಕುಡಿದು ಬರಿಗೈಯಲ್ಲಿ ವಾಪಸಾದ. ಸಂಜೆ ಹಳೇಬೀಡಿನಲ್ಲಿ ದಿವ್ಯಾ ಎಂದಿನಂತೆ ಪಿಕಪ್ಪಿನ ಹಿಂದೆ ಸ್ಕೂಟರ್ ನಿಲ್ಲಿಸಿ ಕಾದಳು. ಚನ್ನಪ್ಪ ಗಾಡಿ ಹತ್ತದೆ ಅವಳ ಹತ್ತಿರ ಬಂದ.

“ನೀನು ಮುಂದೆ ಹೋಗವ್ವ. ಇನ್ಮ್ಯಾಕೆ ನಾನು ಹಿಂದೆ ಬತ್ತೀನಿ.”

“ನಾನು ಇಂಡಿಕೇಟರ್ ಹಾಕಿದ್ರೆ ನುಗ್ಗಿಬಿಟ್ಟೀಯ ಮತ್ತೆ!”

“ಇಲ್ಲ ಕಣವ್ವ,” ಅಂದ ಚನ್ನಪ್ಪ. ಅವಳು ನಕ್ಕಳು, ಅವನಿಗೆ ನಗು ಬರಲಿಲ್ಲ. ಅವಳ ಸ್ಕೂಟರಿನ ಪುಟ್ಟ ಕೆಂಪು ದೀಪದ ಮೇಲೆ ಕಣ್ಣಿಟ್ಟು, ಎತ್ತಿನಗಾಡಿಯೂ ತನ್ನನ್ನು ದಾಟಿ ಹೋಗಬಹುದಾದಷ್ಟು ನಿಧಾನವಾಗಿ, ಮನೆಯ ತನಕ ಅವಳ ಹಿಂದೆಯೇ ಬಂದ.